ಗುಜರಿ ಕಡಿಮೆಯಾದರೂ ಕಷ್ಟವೇ!

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಹೆಚ್ಚಿನ ಕಾಲ ಕಳೆದದ್ದು ಭೋಸರಿಯ ಶೀಟ್ ಮೆಟಲ್ ಶಾಪುಗಳಲ್ಲಿ. ಆಗೆಲ್ಲ ರಟ್ಟಿನ ಅಚ್ಚುಗಳನ್ನು ತಗಡಿನ ಮೇಲೆ ಹಿಂದೆಮುಂದೆ ಸರಿಸುತ್ತಾ, ಹೇಗೆ ಕತ್ತರಿಸಿದರೆ ಗುಜರಿ ಕಡಿಮೆಯಾದೀತೆಂದು ತಲೆ ಕೆರೆದುಕೊಳ್ಳುತ್ತಿದ್ದೆವು. ಆಮೇಲೆ ಆ ಕೆಲಸಕ್ಕೆ ಸಾಫ್ಟ್‌ವೇರ್ ಬಂತು. ಅದರ ಹಿಂದಿನ ಕಥೆ ನನಗೆ ಗೊತ್ತಾದದ್ದು ಇನ್ನೂ ತಡವಾಗಿ.

1938ರಲ್ಲಿ ಲೆನಿನ್‌ಗ್ರಾಡಿನ ಪ್ಲೈವುಡ್ ಟ್ರಸ್ಟಿನವರು 26ರ ಹರೆಯದ ಗಣಿತಜ್ಞ ಲಿಯೊನಿಡ್ ಕಾಂತೊರೊವಿಚ್ ಬಳಿ ಒಂದು ಸಮಸ್ಯೆ ತಂದರು. ಎಂಟು ಯಂತ್ರ, ಐದು ಬಗೆಯ ಮರ. ಯಾವ ಮರವನ್ನು ಯಾವ ಯಂತ್ರಕ್ಕೆ ಎಷ್ಟು ಕೊಟ್ಟರೆ ಹೆಚ್ಚು ಉತ್ಪಾದನೆ? ಅದಕ್ಕೆ ಆತ ಹುಡುಕಿದ ದಾರಿಯೇ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಬುನಾದಿಯಾಯಿತು. ಅದೇ ಲೆಕ್ಕ ಹಾಳೆ ಕತ್ತರಿಸುವುದಕ್ಕೂ ಹೊಂದುತ್ತದೆಂದು 1939ರ ಪುಟ್ಟ ಪುಸ್ತಕದಲ್ಲೇ ತೋರಿಸಿದ.

ಮುಂದೆ ಝಾಲ್ಗಲ್ಲರ್ ಜೊತೆ ಸೇರಿ ಅಲ್ಲಿನ ರೈಲು ಬೋಗಿ ಕಾರ್ಖಾನೆಯಲ್ಲಿ ಇದನ್ನು ಪ್ರಯೋಗಿಸಿದ. 1951ರಲ್ಲಿ ಇಬ್ಬರ ಪುಸ್ತಕವೂ ಬಂತು. ಫಜೀತಿ ನೋಡಿ, ಗುಜರಿ ಎಷ್ಟು ಕಡಿಮೆಯಾಯಿತೆಂದರೆ ಸರ್ಕಾರಕ್ಕೆ ಒಪ್ಪಿಸಬೇಕಾದ ಗುಜರಿಯ ಕೋಟಾ ತುಂಬಲಿಲ್ಲವಂತೆ! ಉಳಿಸಿದವರೇ ತಪ್ಪಿತಸ್ಥರು. ಆತ 1942ರಲ್ಲಿ ಬರೆದ ಅರ್ಥಶಾಸ್ತ್ರದ ಪುಸ್ತಕವೂ ಅಚ್ಚಾಗಲು 1959ರವರೆಗೆ ಕಾಯಬೇಕಾಯಿತು. 1975ರಲ್ಲಿ ಕೂಪ್‌ಮನ್ಸ್ ಜೊತೆ ನೊಬೆಲ್ ಬಂತು.

ಇದನ್ನೋದಿ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ನಮ್ಮ ಶಾಪಿನಲ್ಲಿ ಗುಜರಿ ಮಾರಿದ ದುಡ್ಡಿನಲ್ಲೇ ದೀಪಾವಳಿ ಸಿಹಿ ಹಂಚುತ್ತಿದ್ದರು. ಸಾಫ್ಟ್‌ವೇರ್ ಬಂದ ವರ್ಷ ಸಿಹಿಡಬ್ಬಿ ಚಿಕ್ಕದಾಯಿತು. ಎಲ್ಲರಿಗಿಂತ ಜೋರಾಗಿ ಗೊಣಗಿದವನು ನಾನೇ!