ಕ್ಷೌರದ ಕತ್ತಿಯ ಓರೆ

ರಾಜರ ಖಡ್ಗಗಳಿಗೆ ಚರಿತ್ರೆಯುಂಟು. ಆ ರಾಜರ ಗಡ್ಡವನ್ನು ತೆಗೆದ ಕತ್ತಿಗೆ ಚರಿತ್ರೆಯನ್ನು ಬರೆದವರು ವಿರಳ. ಆದರೆ ಕೆನ್ನೆಯ ಮೇಲೆ ಆಡುವ ಈ ಚಿಕ್ಕ ಅಲಗಿನ ಕಥೆಯಲ್ಲಿ ಲೋಹವಿದ್ಯೆಯೂ ಯಂತ್ರವಿದ್ಯೆಯೂ ಸಮಾಜದ ನಡೆವಳಿಕೆಯೂ ಕೂಡಿಕೊಂಡಿವೆ. 1939ರಲ್ಲಿ ರಚಿತವಾದ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಆ ಕಥೆಯನ್ನು ಸಂಗ್ರಹವಾಗಿ ಹೇಳಬಹುದು.

ಈ ಸೀಮೆಯ ಹಳ್ಳಿಗಳಲ್ಲಿ ಕ್ಷೌರಿಕನು ಆಯಗಾರರಲ್ಲಿ ಒಬ್ಬನು. ಸುಗ್ಗಿಯ ಕಾಲದಲ್ಲಿ ಕಣದಿಂದ ಅವನ ಪಾಲಿನ ಧಾನ್ಯವು ಸಲ್ಲುತ್ತಿತ್ತು. ಚೌಲಕ್ಕೂ ಉಪನಯನಕ್ಕೂ ಮದುವೆಗೂ ಅವನು ಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪರಕರ್ಮಕ್ಕೆ ಕುಳಿತವನಿಗೂ ಅವನೇ ಬೇಕು. ಓಲಗವನ್ನು ಊದುತ್ತಿದ್ದವರೂ, ಹುಣ್ಣನ್ನು ಕೊಯ್ದು ಮದ್ದು ಕಟ್ಟುತ್ತಿದ್ದವರೂ ಅನೇಕ ಕಡೆಗಳಲ್ಲಿ ಇವರೇ. ಹೀಗಿದ್ದರೂ ಕ್ಷೌರವಾದವನು ಸ್ನಾನಮಾಡದೆ ಮನೆಯೊಳಗೆ ಬರಬಾರದೆಂಬ ಕಟ್ಟಳೆಯಿತ್ತು. ಅವನ ಕೈ ಎಲ್ಲರಿಗೂ ಬೇಕು. ಅವನ ಸ್ಪರ್ಶ ಮಾತ್ರ ಬೇಡ! ಈ ವೃತ್ತಿಗೆ ಗೌರವ ದೊರೆತ ಒಂದು ಪ್ರಸಂಗವನ್ನು ವಿಜಯನಗರದ ಶಾಸನಗಳು ಉಳಿಸಿವೆ. 16ನೆಯ ಶತಮಾನದ ನಡುವೆ, ಸದಾಶಿವರಾಯನ ಆಳ್ವಿಕೆಯಲ್ಲಿ, ಕೊಂಡೋಜನೆಂಬ ಕ್ಷೌರಿಕನು ರಾಮರಾಜನ ಮೆಚ್ಚುಗೆಯನ್ನು ಪಡೆದನು. ಅದರ ಫಲವಾಗಿ ಕ್ಷೌರಿಕರ ಮೇಲಿನ ತೆರಿಗೆಗಳು ಮಾಫಿಯಾದುವು. ಕೊಂಡೋಜನು ಪಡೆದ ವರವು ತನ್ನೊಬ್ಬನಿಗಲ್ಲ, ತನ್ನ ವೃತ್ತಿಯವರಿಗೆಲ್ಲ ಸಂದಿತೆಂಬುದು ಗಮನಾರ್ಹ.

ಇನ್ನು ಅಲಗಿನ ಲೋಹದ ವಿಚಾರ. ಟಿಪ್ಪುವಿನ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಸಂಸ್ಥಾನವನ್ನೆಲ್ಲ ಸುತ್ತಿದ ಬುಕಾನನ್ ಎಂಬ ವೈದ್ಯನು ನಮ್ಮ ಉಕ್ಕಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆಯೂ ಹಸಿಯ ಎಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ತೀವ್ರವಾದ ಬೆಂಕಿಯಲ್ಲಿ ಕಾಯಿಸುವರು. ಹೀಗಾದ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಗೂ ವಾದ್ಯದ ತಂತಿಗೂ ಒದಗುತ್ತಿತ್ತು. ಈ ಬಗೆಯ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಆ ಶಬ್ದವು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರಲ್ಲಿ ಹಲವರ ಮತ. ಲಂಡನ್ನಿನ ಸ್ಟೋಡರ್ಟ್ ಎಂಬ ಕತ್ತಿಯ ಕಸಬುದಾರನು ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಭಾರತದ ಈ ಉಕ್ಕಿನಿಂದ ಮಾಡುತ್ತಿದ್ದನು. ಅನೇಕ ವರ್ಷಗಳ ಪರೀಕ್ಷೆಯಿಂದ ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ಕಂಡುಕೊಂಡಿರುವುದಾಗಿ ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚುಹಾಕಿಸಿದ್ದನು. ವಿದ್ಯುದ್ವಿಜ್ಞಾನದಿಂದ ಪ್ರಸಿದ್ಧನಾದ ಫ್ಯಾರಡೆಯು 1820ರಲ್ಲಿಯೂ 1822ರಲ್ಲಿಯೂ ಪ್ರಕಟಿಸಿದ ಉಕ್ಕಿನ ಸಂಶೋಧನೆಗಳು ಈ ಸ್ಟೋಡರ್ಟನೊಡನೆ ಕೂಡಿ ನಡೆಸಿದುವು.

ಒಳ್ಳೆಯ ಉಕ್ಕಿದ್ದರೆ ಸಾಲದು. ಕೊರಳ ಬಳಿ ಆಡುವ ಅಲಗಿಗೆ ಒಂದು ಕಾವಲು ಬೇಕು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದು, ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ. ಹೈದರನ ಕಾಲದಲ್ಲಿಯೇ ಅತ್ತ ಪ್ಯಾರಿಸಿನಲ್ಲಿ ಪೆರೆ ಎಂಬಾತನು ಅಲಗಿಗೆ ಮರದ ತಡೆಯನ್ನು ಕಟ್ಟಿ, ಮನುಷ್ಯನು ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ವಿದ್ಯೆಯ ಮೇಲೆ ಒಂದು ಗ್ರಂಥವನ್ನು ಬರೆದನು. ಆ ಬೀಜವು ಮರವಾದದ್ದು ಅಮೆರಿಕದಲ್ಲಿ. ಜಿಲೆಟ್ ಎಂಬಾತನು ಸಾಣೆ ಹಿಡಿಯಬೇಕಾಗಿಲ್ಲದ ತೆಳುವಾದ ಬ್ಲೇಡನ್ನು ಹೊರತಂದನು. 1903ರಲ್ಲಿ ಅವನ ಸಂಸ್ಥೆಯು ಮಾರಿದುದು 51 ರೇಜರುಗಳು, 168 ಬ್ಲೇಡುಗಳು ಮಾತ್ರ. ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಸೈನ್ಯವೊಂದೇ 35 ಲಕ್ಷ ರೇಜರುಗಳನ್ನು ಕೊಂಡಿತು.

ಇದರಿಂದ ಲಾಭವಾಯಿತು, ನಷ್ಟವೂ ಆಯಿತು. ನುರಿತ ಕ್ಷೌರಿಕನು ಅಲಗನ್ನು ಕೂದಲಿಗೆ ನೇರವಾಗಿ ಒತ್ತುವುದಿಲ್ಲ; ಸ್ವಲ್ಪ ಓರೆಮಾಡಿ ಜಾರಿಸುತ್ತಾನೆ. ಕೃಷ್ಣರಾಜಪೇಟೆಯ ಹೊಲದಲ್ಲಿ ರಾಗಿ ಕೊಯ್ಯುವವಳು ಕುಡುಗೋಲನ್ನು ತನ್ನ ಕಡೆಗೆ ಎಳೆಯುವುದೂ, ಈಳಿಗೆಮಣೆಯಲ್ಲಿ ತರಕಾರಿಯನ್ನು ಜಾರಿಸಿ ಹೆಚ್ಚುವುದೂ ಇದೇ ತತ್ತ್ವದಿಂದ. ಓರೆಯಾಗಿ ಸಾಗುವ ಅಲಗಿಗೆ ಕಡಿಮೆ ಬಲ ಸಾಕು. ಸಾಧಾರಣ ಸೇಫ್ಟಿ ರೇಜರಿನಲ್ಲಿ ಬ್ಲೇಡು ಹಿಡಿಗೆ ಅಡ್ಡಲಾಗಿ ನೇರವಾಗಿ ನಿಲ್ಲುವುದರಿಂದ ಈ ಜಾರಿಕೆಯು ತಪ್ಪಿಹೋಯಿತು.

ಇದನ್ನು ಸರಿಪಡಿಸಹೊರಟದ್ದೇ ಓರೆ ಅಲಗಿನ ಸೇಫ್ಟಿ ರೇಜರು. ಜರ್ಮನಿಯ ಸೋಲಿಂಗನ್ ಇಂಥವುಗಳಿಗೆ ಹೆಸರಾದ ಊರು. ಅಲ್ಲಿಯ ಮರ್ಕೂರ್ ಸಂಸ್ಥೆಯ 37ಸಿ ಎಂಬುದು ಪ್ರಸಿದ್ಧವಾದ ಮಾದರಿ. ಅದರ ತಲೆಯನ್ನು ತಿರುಚಿದಂತೆ ಎರಕಹೊಯ್ದಿರುತ್ತಾರೆ; ಒಳಗಿಟ್ಟ ಬ್ಲೇಡು ಬಾಗಿ, ಒಂದು ಮೂಲೆ ಮುಂದಾಗಿಯೂ ಇನ್ನೊಂದು ಹಿಂದಾಗಿಯೂ ನಿಲ್ಲುತ್ತದೆ. ಮೊದಲ ಸಲ ನೋಡಿದವರು ಕೆಟ್ಟುಹೋದ ಸಾಮಾನೆಂದೇ ತಿಳಿಯಬಹುದು! ಪರೀಕ್ಷಿಸುವವರು ಮುಖವನ್ನು ಬಿಸಿನೀರಿನಿಂದ ನೆನೆಸಿ, ಕುಂಚದಿಂದ ಸೋಪಿನ ನೊರೆಯನ್ನು ದಟ್ಟವಾಗಿ ಹಚ್ಚಿ, ರೇಜರಿನ ಭಾರವೇ ಕೆಲಸಮಾಡುವಂತೆ ಕೈಯನ್ನು ಹಗುರವಾಗಿ ನಡೆಸಬೇಕು. ನಾಲ್ಕು ದಿನ ಬೆಳೆದ ಒರಟು ಗಡ್ಡದಲ್ಲಿ ಇದರ ಗುಣವು ಚೆನ್ನಾಗಿ ತಿಳಿಯುತ್ತದೆ. ಹಳೆಯ ಅಭ್ಯಾಸದಿಂದ ಒತ್ತಿದವನಿಗೆ ರಕ್ತದಿಂದಲೇ ಪಾಠವಾಗುತ್ತದೆ. ನಯವಾದ ಗಡ್ಡದವರಿಗೆ ಇದರಿಂದ ವಿಶೇಷ ಪ್ರಯೋಜನವಿಲ್ಲ.

ಇಂದು ನಮ್ಮ ಕ್ಷೌರದ ಅಂಗಡಿಗಳಲ್ಲಿಯೂ ಅರ್ಧ ಬ್ಲೇಡನ್ನು ಸಿಕ್ಕಿಸುವ ಕತ್ತಿಯೇ ಬಳಕೆಗೆ ಬಂದಿದೆ. ಮೂಸೆಯ ಉಕ್ಕು ಹೋಯಿತು. ಸಾಣೆಕಲ್ಲೂ ತೊಗಲಿನ ಪಟ್ಟಿಯೂ ಮೂಲೆಗೆ ಸೇರಿದುವು. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದ ಸೀಮೆಯಲ್ಲಿಯೂ ಕ್ಷೌರಿಕನ ನೀರಿನ ಬಟ್ಟಲು ಪ್ಲಾಸ್ಟಿಕ್ಕಿನದಾಗಿದೆ. ಉಳಿದಿರುವುದು ಅವನ ಮಣಿಕಟ್ಟಿನ ಓರೆಯೊಂದೇ. ಆ ಓರೆಯನ್ನು ಲೋಹದಲ್ಲಿ ಸ್ಥಿರಪಡಿಸಿದ ಯಂತ್ರಕ್ಕೆ ನಾವು ಹೆಚ್ಚಿನ ಬೆಲೆಯನ್ನು ಕೊಟ್ಟು ಕೊಂಡಾಡುತ್ತೇವೆ. ಕೈಯಲ್ಲಿಯೇ ಅದನ್ನು ಸಾಧಿಸಿಕೊಂಡವನನ್ನು ಶತಮಾನಗಳ ಕಾಲ ಹೊಸಲಿನ ಹೊರಗೆ ಕೂರಿಸಿದೆವು. ಕೊಂಡೋಜನಿಗೆ ಸಂದ ಮರ್ಯಾದೆಯು ಆ ವಿದ್ಯೆಯ ಎಲ್ಲರಿಗೂ ಸಲ್ಲತಕ್ಕದ್ದೆಂಬುದನ್ನು ಶ್ರೋತೃಗಳು ಮರೆಯಬಾರದು.