ನ್ಯಾಯವಿದ್ಯಾರ್ಥಿಗಳ ಒಂದು ಪತ್ರಿಕೆ

ವಿದ್ಯಾರ್ಥಿಸಂಘಗಳ ಕಾರ್ಯವು ಪಾಠದ ಬಿಡುವಿನ ವಿನೋದವೆಂದು ಎಣಿಸುವುದುಂಟು. ಅಮೆರಿಕದ ಹಾರ್ವರ್ಡ್ ನ್ಯಾಯಶಾಲೆಯ ಚರಿತ್ರೆಯು ಈ ಎಣಿಕೆಯನ್ನು ಅಲ್ಲಗಳೆಯುತ್ತದೆ. 1870ರಲ್ಲಿ ಅಲ್ಲಿ ಡೀನ್ ಪದವಿಗೆ ಬಂದ ಲ್ಯಾಂಗ್‌ಡೆಲನು ಬರಿಯ ಉಪನ್ಯಾಸವನ್ನು ಬಿಟ್ಟು, ತೀರ್ಪುಗಳನ್ನೇ ವಿಮರ್ಶಿಸುವ ಬೋಧನಕ್ರಮವನ್ನು ತಂದನು. ಆ ಕ್ರಮದಲ್ಲಿ ಪಳಗಿದ ವಿದ್ಯಾರ್ಥಿಗಳು 1887ರ ಏಪ್ರಿಲಿನಲ್ಲಿ ‘ಹಾರ್ವರ್ಡ್ ಲಾ ರಿವ್ಯೂ’ ಪತ್ರಿಕೆಯನ್ನು ಹೊರಡಿಸಿದರು, ಸಂಪಾದಕತ್ವವೂ ಅವರದೇ. 1890ರ ಡಿಸೆಂಬರಿನಲ್ಲಿ ವಾರನ್, ಬ್ರಾಂಡೈಸ್ ಎಂಬ ವಕೀಲರಿಬ್ಬರು ಅದರಲ್ಲಿ ಖಾಸಗಿತನದ ಹಕ್ಕನ್ನು ಪ್ರತಿಪಾದಿಸಿದರು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ಹಕ್ಕನ್ನು ಮೂಲಭೂತವೆಂದು ಸಾರಿದಾಗ ಈ ಲೇಖನವನ್ನೂ ಪರಾಮರ್ಶಿಸಿತು. ಆದರೆ ಆ ಶಾಲೆಯು ಸ್ತ್ರೀಯರನ್ನು ಸೇರಿಸಿಕೊಂಡುದು 1950ರಲ್ಲಿ. ಅದುವರೆಗಿನ 63 ವರ್ಷ ಪತ್ರಿಕೆಯ ಸಂಪಾದಕವರ್ಗದಲ್ಲಿ ಅವರಿಗೆ ಎಡೆಯಿರಲಿಲ್ಲ. ಹಕ್ಕುಗಳ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಕೂಡಿಯೇ ಗಣಿಸತಕ್ಕದ್ದು.