ಕಂಬಳಿಯಿಂದ ನೀರು ಹಾಸಿಗೆಯವರೆಗೆ: ಮಲಪ್ರಭೆಯ ದಂಡೆಯ ಹಾಸಿಗೆಗಳ ಇತಿಹಾಸ

ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯ ಸುತ್ತಲಿನ ಸೀಮೆಯಲ್ಲಿ ಹಾಸಿಗೆಯ ಇತಿಹಾಸ ಕುರಿಯ ಉಣ್ಣೆ, ಹಳೆಯ ಸೀರೆ ಮತ್ತು ಎರೆಹೊಲದ ಹತ್ತಿಯ ಸುತ್ತ ಬೆಳೆದಿದೆ. ನೀರು ತುಂಬಿದ ಹಾಸಿಗೆ ಈ ಸಾಲಿಗೆ ತೀರ ಈಚೆಗೆ ಸೇರಿದ್ದು. ಅದೂ ನಿದ್ದೆಯ ಸುಖಕ್ಕಾಗಿ ಅಲ್ಲ, ಹಾಸಿಗೆ ಹಿಡಿದವರ ಆರೈಕೆಗಾಗಿ. ಮಲಗುವವರು ಯಾರು, ಎಷ್ಟು ಹೊತ್ತು ಮಲಗುತ್ತಾರೆ, ಎಂಥ ಮನೆಯಲ್ಲಿ ಮಲಗುತ್ತಾರೆ ಎಂಬುದರ ಮೇಲೆ ಹಾಸಿಗೆಯ ಗುಣದೋಷ ತೀರ್ಮಾನವಾಗುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳೆಯ ಹಾಸಿಗೆಗಳಿಗೂ ವಾಟರ್ ಬೆಡ್‌ಗೂ ಈ ಮಾತು ಒಂದೇ ರೀತಿ ಸಲ್ಲುತ್ತದೆ.

ಈ ಭಾಗದ ಅತಿ ಸರಳ ಹಾಸಿಗೆ ಕರಿ ಕಂಬಳಿ. ಹಾಲುಮತದ ಕುರುಬರು ದಖ್ಖನಿ ಕುರಿಯ ಉಣ್ಣೆಯನ್ನು ಕತ್ತರಿಸಿ, ಕೈಯಲ್ಲಿ ನೂತು, ಕುಣಿಮಗ್ಗದಲ್ಲಿ ನೇಯುತ್ತಿದ್ದರು. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಕೊಡುತ್ತಿದ್ದರು. ಸಗಣಿ ಸಾರಿಸಿದ ನೆಲದ ತಂಪು ಮೈಗೆ ಏರದಂತೆ ಕಂಬಳಿ ತಡೆಯುತ್ತಿತ್ತು. ಹಗಲು ಮಳೆ ಬಂದರೆ ಅದೇ ತಲೆಯ ಮೇಲಿನ ಕೊಪ್ಪೆಯಾಗುತ್ತಿತ್ತು. ಹೊಲ ಕಾಯುವವರಿಗೂ ಕುರಿಹಿಂಡಿನ ಜೊತೆ ಊರೂರು ಅಲೆಯುವವರಿಗೂ ಇದಕ್ಕಿಂತ ಅನುಕೂಲದ ಹಾಸಿಗೆ ಇರಲಿಲ್ಲ. ಆದರೆ ಅದು ಚುಚ್ಚುತ್ತದೆ, ಮೆತ್ತಗಿಲ್ಲ. ಎಲುಬು ಎದ್ದ ಮುಪ್ಪಿನವರ ಮೈಗೆ ಅದು ಬರಿ ನೆಲಕ್ಕಿಂತ ಅಷ್ಟೇನೂ ಹಿತವಲ್ಲ.

ಮನೆಯೊಳಗಿನ ಹಾಸಿಗೆ ಕೌದಿ. ಉಟ್ಟು ಸವೆದ ಇಳಕಲ್ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹರಡಿ, ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತಾ ದಾರದಿಂದ ಹೊಲಿಯುತ್ತಾರೆ. ಹೊಲಿಗೆಯ ಸಾಲುಗಳು ಒತ್ತೊತ್ತಾಗಿದ್ದಷ್ಟೂ ಪದರಗಳು ಜರುಗುವುದಿಲ್ಲ, ಕೌದಿ ಹೆಚ್ಚು ವರ್ಷ ಬಾಳುತ್ತದೆ. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಬೇಸಿಗೆಯಲ್ಲಿ ಓಣಿಯ ಹೆಂಗಸರು ಕೂಡಿ ಕೂತು ಹೊಲಿಯುವುದು ರೂಢಿ. ಕೌದಿಯನ್ನು ಹಾಸಲೂಬಹುದು, ಹೊದೆಯಲೂಬಹುದು. ಬಾವಿಗೋ ಹೊಳೆಗೋ ಒಯ್ದು ಒಗೆಯಬಹುದು. ಕೂಸಿನ ಕೌದಿಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಬಹುದಾದ್ದರಿಂದ ತೊಟ್ಟಿಲಿಗೆ ಅದೇ ತಕ್ಕದ್ದಾಗಿತ್ತು. ಪಕ್ಕದ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ನೇಯುವ ಜಮಖಾನೆ ಇದಕ್ಕಿಂತ ಬೆಲೆಯುಳ್ಳದ್ದು. ನವಿಲು, ಗಿಳಿ, ಪಗಡೆಯ ಹಾಸು ಮೂಡಿರುವ ಆ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸಾಮಾನ್ಯ ಮನೆಗಳಲ್ಲಿ ಅದು ನಿತ್ಯದ ನಿದ್ದೆಗಿಂತ ಬೀಗರು ಬಂದಾಗ, ಮದುವೆ ಮುಂಜಿಯಲ್ಲಿ ಹಾಸುವ ವಸ್ತು.

ನೆಲದಿಂದ ಮೇಲೆ ಮಲಗಲು ಇದ್ದದ್ದು ಹೊರಸು. ನಾಲ್ಕು ಕಾಲಿನ ಕಟ್ಟಿಗೆ ಚೌಕಟ್ಟಿಗೆ ಪುಂಡಿ ನಾರಿನ ಹಗ್ಗ ಹೆಣೆದರೆ ಹೊರಸು ಸಿದ್ಧ. ಹಗ್ಗ ಸಡಿಲಾದರೆ ನಡು ಜೋಲಿ ಬೀಳುತ್ತದೆ. ಆಗ ಕಾಲ್ದೆಸೆಯ ಹಗ್ಗ ಎಳೆದು ಬಿಗಿಯಬೇಕು. ಕೆಳಗಿನಿಂದ ಗಾಳಿಯಾಡುವುದರಿಂದ ಬೇಸಿಗೆಯ ರಾತ್ರಿ ಅಂಗಳದಲ್ಲಿ ಮಲಗಲು ಅದು ಹಿತ. ಇದೇ ಗುಣದಿಂದ ಹೊರಸು ಬಾಣಂತಿಯ ಹಾಸಿಗೆಯೂ ಆಯಿತು. ಅದರ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಬಾಣಂತಿಯ ಸೊಂಟ, ಬೆನ್ನು ಕಾಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆದುಬಂತು. ಬಾಗಿಲು ಮುಚ್ಚಿದ ಕೋಣೆಯ ಹೊಗೆ ತಾಯಿಗೂ ಕೂಸಿಗೂ ಕೆಡುಕು ಎಂಬುದು ತಿಳಿದ ಮೇಲೆ ಈ ಪದ್ಧತಿ ಕಡಿಮೆಯಾಗುತ್ತಿದೆ.

ಹತ್ತಿಯ ಗಾದಿ ಹೆಚ್ಚು ಮನೆಗಳನ್ನು ಮುಟ್ಟಿದ್ದು ಹತ್ತಿಯ ವ್ಯಾಪಾರ ಬೆಳೆದಂತೆ. ಕಂಪನಿ ಸರ್ಕಾರ 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ತಳಿಯನ್ನು ಬೆಳೆಸಲು ಯತ್ನಿಸಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರು ಮಾರುಕಟ್ಟೆಯಲ್ಲಿ ನೆಲೆಯೂರಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿನ ಹತ್ತಿಗೆ ಬೆಲೆ ಏರಿತು. ಬೈಲಹೊಂಗಲ ದೊಡ್ಡ ಹತ್ತಿ ಪೇಟೆಯಾಯಿತು. ಉದ್ದ ಎಳೆಯ ಹತ್ತಿ ಗಿರಣಿಗೆ ಹೋದರೆ, ಗಿಡ್ಡ ಎಳೆಯ ಒರಟು ಜವಾರಿ ಹತ್ತಿ ಗಾದಿಗೆ ಒಪ್ಪುತ್ತಿತ್ತು. ಒರಟು ಎಳೆ ಭಾರಕ್ಕೆ ಬೇಗ ಚಪ್ಪಟೆಯಾಗುವುದಿಲ್ಲ.

ಗಾದಿ ಮಾಡುವುದು ಪಿಂಜಾರರ, ಅಂದರೆ ನದಾಫರ ಕಸುಬು. ಮಾರುದ್ದದ ಬಿಲ್ಲಿಗೆ ಕರುಳಿನ ತಂತಿ ಬಿಗಿದು, ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ, ಕಟ್ಟಿಗೆಯ ಗುಂಡಿನಿಂದ ಮೀಟುತ್ತಿದ್ದರು. ತಂತಿಯ ಕಂಪನಕ್ಕೆ ಗಂಟುಗಟ್ಟಿದ ಹತ್ತಿ ಎಳೆ ಎಳೆಯಾಗಿ ಬಿಡಿಸಿಕೊಂಡು ಹಾರಿ ಬೀಳುತ್ತಿತ್ತು, ಕಸ ಕೆಳಗುಳಿಯುತ್ತಿತ್ತು. ಹಿಂಜಿದ ಅರಳೆಯನ್ನು ಖೋಳಿನಲ್ಲಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಪ್ಪ ಸೂಜಿಯಿಂದ ಅಲ್ಲಲ್ಲಿ ಟಾಕಿ ಹಾಕಿದರೆ ಗಾದಿ ಮುಗಿಯಿತು. ಕೆಲವು ವರ್ಷಕ್ಕೆ ಹತ್ತಿ ಮತ್ತೆ ಗಂಟಾಗುತ್ತದೆ. ಆಗ ಖೋಳು ಬಿಚ್ಚಿ ಅದೇ ಹತ್ತಿಯನ್ನು ಮತ್ತೆ ಹಿಂಜಿಸಬಹುದು. ಹೀಗೆ ಒಂದೇ ಹತ್ತಿ ಒಂದು ತಲೆಮಾರಿಗೂ ಬರುತ್ತಿತ್ತು. ಗಾದಿಯ ದೊಡ್ಡ ದೋಷವೆಂದರೆ ತೇವ. ಒಮ್ಮೆ ನೆನೆದರೆ ಒಣಗಲು ದಿನಗಟ್ಟಲೆ ಬಿಸಿಲು ಬೇಕು. ಮಲಗಿದಲ್ಲೇ ಮೂತ್ರ ಹೋಗುವ ರೋಗಿಗೆ ಅದು ತಕ್ಕದ್ದಲ್ಲ.

ಕೈಬಿಲ್ಲಿನ ಜಾಗಕ್ಕೆ ಹಿಂಜುವ ಯಂತ್ರ ಬಂತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಉದ್ದ ಎಳೆಯ ಹತ್ತಿಯನ್ನು ಕೊಟ್ಟು ಜವಾರಿ ಹತ್ತಿಯ ಹೊಲಗಳನ್ನು ಕಡಿಮೆ ಮಾಡಿತು. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಸುತ್ತಲ ಹೊಲಗಳಿಗೆ ಕಬ್ಬು ಬಂತು. ತೆಂಗಿನ ನಾರಿನ, ಫೋಮಿನ ಸಿದ್ಧ ಹಾಸಿಗೆಗಳು ಅಂಗಡಿಗೆ ಬಂದಾಗ ಪಿಂಜಾರರ ಕಸುಬು ಇನ್ನಷ್ಟು ಕುಗ್ಗಿತು.

ನೀರು ಹಾಸಿಗೆಯ ಹುಟ್ಟು ಆಸ್ಪತ್ರೆಗೆ ಸೇರಿದ್ದು. ಸ್ಕಾಟ್ಲೆಂಡ್ ಮೂಲದ ವೈದ್ಯ ನೀಲ್ ಆರ್ನಟ್ 1832ರಲ್ಲಿ ಅದನ್ನು ರೂಪಿಸಿದರು. ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ರಬ್ಬರ್ ಬಳಿದ ಬಟ್ಟೆ ಹೊದಿಸಿ, ಅದರ ಮೇಲೆ ತೆಳು ಹಾಸಿಗೆ ಹಾಕುವ ವ್ಯವಸ್ಥೆ ಅದು. ಯಾರು ಬೇಕಾದರೂ ಮಾಡಿಕೊಳ್ಳಲೆಂದು ಅವರು ಪೇಟೆಂಟ್ ಪಡೆಯಲಿಲ್ಲ. ಬಹಳ ದಿನ ಮಲಗಿದವರಿಗೆ ಟೊಂಕ, ಹಿಮ್ಮಡಿ, ತೊಡೆಸಂದಿನ ಎಲುಬುಗಳ ಮೇಲೆ ಭಾರ ಬಿದ್ದು, ಅಲ್ಲಿನ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ನೀರು ಮೈಯ ಆಕಾರಕ್ಕೆ ಹೊಂದಿಕೊಂಡು ಭಾರವನ್ನು ಹಂಚುವುದರಿಂದ ಒಂದೇ ಎಲುಬಿನ ಮೇಲೆ ಒತ್ತಡ ಕೂಡುವುದಿಲ್ಲ. ಆಮೇಲೆ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿನ್ಯಾಸ ವಿದ್ಯಾರ್ಥಿ ಚಾರ್ಲ್ಸ್ ಹಾಲ್ ಅದನ್ನು ಆರೋಗ್ಯವಂತರ ಮನೆಗೆ ತಂದರು. 1980ರ ದಶಕದಲ್ಲಿ ಅಮೆರಿಕದಲ್ಲಿ ಅದು ತುಂಬಾ ಮಾರಾಟವಾಗಿ, ನಂತರ ಹಿಂದೆ ಬಿತ್ತು.

ಅದು ಅಲ್ಲಿ ಹಿಂದೆ ಬೀಳಲು, ಇಲ್ಲಿನ ಮನೆಗಳಿಗೆ ಒಗ್ಗದಿರಲು ಕಾರಣಗಳು ಸ್ಪಷ್ಟವಾಗಿವೆ. 6 ಅಡಿ ಉದ್ದ, 5 ಅಡಿ ಅಗಲ, 9 ಇಂಚು ಆಳದ ನೀರು ಸುಮಾರು 640 ಕಿಲೊ ತೂಗುತ್ತದೆ. ತೊಲೆ, ಜಂತಿಗಳ ಮೇಲೆ ನಿಂತ ಇಲ್ಲಿನ ಮಣ್ಣಿನ ಮಾಳಿಗೆ ಅಷ್ಟು ಭಾರವನ್ನು ಒಂದೇ ಕಡೆ ಹೊರುವಂಥದ್ದಲ್ಲ. ತಣ್ಣನೆಯ ನೀರು ಮೈಯ ಕಾವು ಎಳೆದುಕೊಳ್ಳುವುದರಿಂದ ಚಳಿಗಾಲದಲ್ಲಿ ಹೀಟರ್ ಬೇಕು, ಹೀಟರಿಗೆ ತಡೆಯಿಲ್ಲದ ವಿದ್ಯುತ್ ಬೇಕು. ತೂತು ಬಿದ್ದರೆ ಕೋಣೆ ತುಂಬ ನೀರು. ನೀರು ಪಾಚಿಗಟ್ಟದಂತೆ ಔಷಧಿ ಹಾಕುತ್ತಿರಬೇಕು. ಬೆನ್ನಿಗೆ ಗಟ್ಟಿ ಆಸರೆ ಕಡಿಮೆ, ಮುಪ್ಪಿನವರಿಗೆ ಎದ್ದು ಕೂರಲು ಕಷ್ಟ. ಹಸುಗೂಸನ್ನು ಅದರ ಮೇಲೆ ಮಲಗಿಸಲೇಬಾರದು. ಮೆತ್ತನೆಯ ಮೈಯಲ್ಲಿ ಮುಖ ಹೂತು ಉಸಿರು ಕಟ್ಟುವ ಅಪಾಯವಿದೆ.

ಈ ಸೀಮೆಯ ಮನೆಗಳಿಗೆ ಬಂದ ವಾಟರ್ ಬೆಡ್ ಅಷ್ಟು ದೊಡ್ಡದಲ್ಲ. ಬೆಳಗಾವಿ, ಧಾರವಾಡದ ಔಷಧಿ ಅಂಗಡಿಗಳಲ್ಲಿ ಸಿಗುವುದು ಗಾದಿಯ ಮೇಲೆ ಹಾಸಿ ನೀರು ತುಂಬುವ ರಬ್ಬರ್ ಅಥವಾ ಪ್ಲಾಸ್ಟಿಕ್ ಚೀಲ. ಲಕ್ವಾ ಹೊಡೆದವರಿಗೆ, ಸೊಂಟ ಮುರಿದು ಮಲಗಿದವರಿಗೆ ಇದು ನಿಜಕ್ಕೂ ಆಸರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಚ್ಛವಾಗುತ್ತದೆ. ಹತ್ತಿಯ ಗಾದಿ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ. ನೀರು ಕಡಿಮೆಯಾದರೆ ಟೊಂಕ ಕೆಳಗಿನ ಗಾದಿಗೆ ತಾಗುತ್ತದೆ, ಹೆಚ್ಚಾದರೆ ಚೀಲ ಕಲ್ಲಿನಂತೆ ಬಿಗಿಯುತ್ತದೆ. ಚೀಲದ ಅಡಿಗೆ ಅಂಗೈ ತೂರಿಸಿ ನೋಡಿದಾಗ ರೋಗಿಯ ಎಲುಬು ಕೈಗೆ ಹತ್ತಬಾರದು. ಮೇಲೆ ಸುಕ್ಕಿಲ್ಲದ ಹತ್ತಿ ಬಟ್ಟೆ ಹಾಸದಿದ್ದರೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ. ವಾಟರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಟ್ಟರೆ ಹುಣ್ಣು ತಪ್ಪದು. ಸುಮಾರು ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸುವುದು, ಚರ್ಮ ಕೆಂಪಾಗಿದೆಯೇ ಎಂದು ನೋಡುವುದು, ಒಳ್ಳೆಯ ಊಟ ಕೊಡುವುದು ಎಂದಿನಂತೆ ನಡೆಯಬೇಕು. ಗಟ್ಟಿಮುಟ್ಟಾಗಿರುವವರ ನಿತ್ಯದ ನಿದ್ದೆಗೆ ಬಿಸಿಲಿಗೆ ಹಾಕಿದ ಹತ್ತಿಯ ಗಾದಿಯೇ ಈ ಹವೆಗೆ, ಈ ಮನೆಗಳಿಗೆ ಹೆಚ್ಚು ಒಗ್ಗುತ್ತದೆ. ತಾನಾಗಿ ಹೊರಳಲಾರದವರಿಗೆ ನೀರಿನ ಹಾಸಿಗೆ ಬೇಕು.